ಕೊರಳಿನ ಶಸ್ತ್ರಕ್ರಿಯೆಯೂ ಕನ್ನಡದ ಅರ್ಧ ಹಾಳೆಯೂ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಹಣ್ಣಿಗೆ ಹೆಸರಾದ ಊರೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಳೆದ ಜ್ಯೇಷ್ಠ ಮಾಸದಲ್ಲಿ ಕಾರ್ಯಾರ್ಥವಾಗಿ ಅಲ್ಲಿಗೆ ಹೋಗಿದ್ದಾಗ ನಾವು ನಮ್ಮ ಹಳೆಯ ಸ್ನೇಹಿತರೂ ನಿವೃತ್ತ ಉಪಾಧ್ಯಾಯರೂ ಆದವರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಊಟವಾದ ಮೇಲೆ ಮನೆಯ ಯಜಮಾನಿಯವರು ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣನ್ನು ಬಿಡಿಸಲು ಕುಳಿತರು. ಅಂಟಿನ ನಡುವಿನಿಂದ, ನಾರಿನ ನಡುವಿನಿಂದ, ಒಂದು ತೊಳೆಯೂ ಹರಿಯದಂತೆ ಬಿಡಿಸುತ್ತಿದ್ದ ಅವರ ಕೈಚಳಕವನ್ನು ನೋಡುತ್ತಿದ್ದಂತೆಯೇ ಅವರು ಥಟ್ಟನೆ ಕೆಲಸ ನಿಲ್ಲಿಸಿ, ಕೈ ತೊಳೆದುಕೊಂಡು, ಒಳಗೆ ಹೋಗಿ ಎರಡು ಬಿಳಿಯ ಗುಳಿಗೆಗಳನ್ನು ನುಂಗಿ ಬಂದರು. ಏನೆಂದು ವಿಚಾರಿಸಲಾಗಿ, "ಹೊತ್ತು ಮೀರಿದರೆ ಬೆರಳು ಜೋಮು ಹಿಡಿಯುತ್ತದೆ ಸ್ವಾಮಿ, ಆಮೇಲೆ ಕೈ ನನ್ನ ಮಾತು ಕೇಳುವುದಿಲ್ಲ" ಎಂದರು. ಈ ಲೇಖನಕ್ಕೆ ಕಾರಣವಾದುದು ಆ ಎರಡು ಗುಳಿಗೆಗಳೇ.

ಅವರ ವೃತ್ತಾಂತವು ಇಷ್ಟು. ಕೊರಳಿನಲ್ಲಿ ಗಡ್ಡೆಯೊಂದು ವರ್ಷಗಳಿಂದ ಬೆಳೆಯುತ್ತ ಬಂದು, ಅನ್ನ ನುಂಗುವುದಕ್ಕೂ ಅಂಗಾತ ಮಲಗುವುದಕ್ಕೂ ತೊಂದರೆಯಾಗಲು, ಮಕ್ಕಳು ಅವರನ್ನು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯಬೇಕೆಂದಾಯಿತು; ತೆಗೆದದ್ದೂ ಆಯಿತು. ಗಾಯ ಚೆನ್ನಾಗಿ ಮಾಯುತ್ತಿತ್ತು, ಧ್ವನಿ ಕೆಟ್ಟಿರಲಿಲ್ಲ. ಎರಡನೆಯ ದಿನ ಮನೆಗೆ ಕಳುಹಿಸಿದರು. ಬಸ್ಸು ಗುಬ್ಬಿಯನ್ನು ಸೇರುವ ಹೊತ್ತಿಗೆ ತುಟಿಯ ಸುತ್ತಲೂ ಇರುವೆ ಹರಿದಂತೆ ಆಗತೊಡಗಿತಂತೆ. ಪ್ರಯಾಣದ ಆಯಾಸವೆಂದುಕೊಂಡರು. ರಾತ್ರಿ ಎರಡು ಕೈಗಳೂ ತಮ್ಮಷ್ಟಕ್ಕೆ ತಾವೇ ಸೆಟೆದು, ಬೆರಳುಗಳು ಒಂದಕ್ಕೊಂದು ಕೂಡಿ, ಹೆಬ್ಬೆರಳು ಅಂಗೈಯೊಳಕ್ಕೆ ಸೇರಿಕೊಂಡಿತು. ಬಳೆಗಾರನ ಮುಂದೆ ಹೆಂಗಸರು ಬಳೆ ತೊಡಿಸಿಕೊಳ್ಳುವಾಗ ಕೈಯನ್ನು ಹೇಗೆ ಕೂಡಿಸಿ ಹಿಡಿಯುವರೋ ಹಾಗೆ! ಮನೆಯವರು ಎಷ್ಟು ಬಿಡಿಸಿದರೂ ಬೆರಳು ಬಿಚ್ಚಲಿಲ್ಲ. ನೆರೆಯವರೊಬ್ಬರು ಗಾಳಿ ಸೋಕಿದೆಯೆಂದರು, ಇನ್ನೊಬ್ಬರು ಧನುರ್ವಾಯುವೆಂದರು. ಮರುದಿನ ತೋರಿಸಿದ ವೈದ್ಯರು ಮೂರ್ಛೆರೋಗವೆಂದು ಬಗೆದು ಅದಕ್ಕೆ ತಕ್ಕ ಔಷಧವನ್ನು ಕೊಟ್ಟರು. ಅದಾದ ಮರುದಿನ ಉಸಿರು ಕಟ್ಟಿ, ಮೈ ನಡುಗಿ, ಪ್ರಜ್ಞೆ ತಪ್ಪಿದಾಗ ತುಮಕೂರಿಗೆ ಸಾಗಿಸಿದರು. ಅಲ್ಲಿ ತರುಣ ವೈದ್ಯರೊಬ್ಬರು ಕೊರಳಿನ ಹೊಸ ಗಾಯವನ್ನು ನೋಡಿದೊಡನೆಯೇ, "ಥೈರಾಯ್ಡ್ ತೆಗೆದು ಎಷ್ಟು ದಿನವಾಯಿತು?" ಎಂದು ಕೇಳಿ, ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಕ್ಯಾಲ್ಸಿಯಂ ದ್ರಾವಣವನ್ನು ನರದೊಳಕ್ಕೆ ಮೆಲ್ಲನೆ ಏರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಬೆರಳುಗಳು ಬಿಚ್ಚಿಕೊಂಡುವು.

ಇದು ನಡೆದು ಈಗ ಮೂರನೆಯ ವರ್ಷ. ಆ ಮಾತೆಯು ಇಂದಿಗೂ ದಿನಕ್ಕೆ ಹಲವು ಬಾರಿ ಗುಳಿಗೆ ನುಂಗುತ್ತಿರುವರು. ಜೀವವಿರುವವರೆಗೂ ನುಂಗಬೇಕೆಂದು ವೈದ್ಯರು ತಿಳಿಸಿರುವರು. ಅವರು ನಮ್ಮ ಕೈಗಿತ್ತ ಕಾಗದದ ಕಟ್ಟಿನಲ್ಲಿ, ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದವರ ವರದಿಯೊಂದಿತ್ತು. ಅದರ ಕೊನೆಯ ಭಾಗದಲ್ಲಿ ಇಂಗ್ಲಿಷಿನ ಒಂದೇ ಸಾಲು. ನಮ್ಮ ಮೆಟ್ರಿಕ್ಯುಲೇಷನ್ ಇಂಗ್ಲಿಷು ಅದಕ್ಕೆ ಸಾಲದೆ ಹೋದುದರಿಂದ ವೈದ್ಯಮಿತ್ರರಿಂದ ಓದಿಸಿದೆವು. ಗಡ್ಡೆಯ ಜೊತೆಯಲ್ಲಿ ಎರಡು ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಬಂದಿರುವುದು ಕಂಡುಬಂದಿದೆಯೆಂಬುದೇ ಆ ಸಾಲಿನ ತಾತ್ಪರ್ಯ. ಈ ವಿಷಯವನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷ ತಮ್ಮ ಪೆಟ್ಟಿಗೆಯಲ್ಲಿಯೇ ಇದ್ದ ಸತ್ಯವನ್ನು ಅವರು ಒಬ್ಬ ಪತ್ರಿಕಾಕರ್ತನ ಬಾಯಿಂದ ಕೇಳಬೇಕಾಯಿತು.

ಹಾಗಾದರೆ ಈ ಗ್ರಂಥಿಗಳು ಯಾವುವು? ಥೈರಾಯ್ಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ ಶ್ವಾಸನಾಳವನ್ನು ತಬ್ಬಿಕೊಂಡು ಚಿಟ್ಟೆಯ ಆಕಾರದಲ್ಲಿ ಕುಳಿತಿದೆ. ಅದು ಉಬ್ಬಿದಾಗ ಗಳಗಂಡವೆನ್ನುತ್ತೇವೆ; ಸುಶ್ರುತ ಸಂಹಿತೆಯಲ್ಲಿಯೂ ಈ ಹೆಸರೇ ಇದೆ. ಅದರ ಬೆನ್ನಿಗೆ ಅಂಟಿಕೊಂಡಂತೆ, ಎಡಬಲಗಳಲ್ಲಿ ಎರಡೆರಡರಂತೆ, ಸಾಮಾನ್ಯವಾಗಿ ನಾಲ್ಕು ಸಣ್ಣ ಗ್ರಂಥಿಗಳಿರುವುವು. ಒಂದೊಂದೂ ಅಕ್ಕಿಯ ಕಾಳಿನಷ್ಟು, ಹೆಚ್ಚೆಂದರೆ ಮಸೂರದ ಬೇಳೆಯಷ್ಟು. ಒಂದರ ತೂಕ ೩೦ರಿಂದ ೫೦ ಮಿಲಿಗ್ರಾಂ. ನಾಲ್ಕನ್ನೂ ಒಟ್ಟಿಗೆ ತೂಗಿದರೂ ಎರಡು ಗುಲಗಂಜಿಯ ತೂಕವನ್ನು ಮೀರವು. ಬಣ್ಣ ಹಳದಿ ಬೆರೆತ ಕಂದು. ಸುತ್ತಲಿನ ಕೊಬ್ಬಿನ ಬಣ್ಣವೂ ಬಹುಮಟ್ಟಿಗೆ ಅದೇ. ಮೇಲಿನ ಜೋಡಿಯು ಬಹುತೇಕ ಗೊತ್ತಾದ ಸ್ಥಳದಲ್ಲಿಯೇ ಇರುತ್ತದೆ. ಕೆಳಗಿನ ಜೋಡಿಯದು ಅಲೆಮಾರಿ ಸ್ವಭಾವ. ಒಮ್ಮೊಮ್ಮೆ ಎದೆಯ ಕಡೆಗೆ ಇಳಿದಿರುವುದುಂಟು, ಕೆಲವರಲ್ಲಿ ಥೈರಾಯ್ಡಿನ ಒಳಗೇ ಹುದುಗಿರುವುದೂ ಉಂಟು. ಇಬ್ಬರು ಮನುಷ್ಯರಲ್ಲಿ ಒಂದೇ ತೆರನಾಗಿ ಇರುವುದೆಂಬ ಭರವಸೆಯಿಲ್ಲ.

ಥೈರಾಯ್ಡಿಗೂ ಇವಕ್ಕೂ ಹೆಸರಿನಲ್ಲಿ ನೆಂಟಸ್ತನವೇ ಹೊರತು ಕೆಲಸದಲ್ಲಿ ಇಲ್ಲ. ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ೧೦೦ ಮಿಲಿಲೀಟರಿಗೆ ಸುಮಾರು ೮.೫ರಿಂದ ೧೦.೫ ಮಿಲಿಗ್ರಾಂ ಇರತಕ್ಕದ್ದು. ಇದನ್ನು ಕಾಯುವ ಕಣಜದ ಪಾರುಪತ್ಯಗಾರರೇ ಈ ನಾಲ್ವರು. ಅಂಶವು ಇಳಿದೊಡನೆ ಇವು ಒಂದು ರಸವನ್ನು ರಕ್ತಕ್ಕೆ ಬಿಡುವುವು. ಅದು ಮೂಳೆಯ ಭಂಡಾರದಿಂದ ಸುಣ್ಣವನ್ನು ಬಿಡಿಸಿ ತರುತ್ತದೆ, ಮೂತ್ರದಲ್ಲಿ ಪೋಲಾಗದಂತೆ ತಡೆಯುತ್ತದೆ, 'ಡಿ' ಜೀವಸತ್ತ್ವವನ್ನು ಚುರುಕುಗೊಳಿಸಿ ಆಹಾರದಿಂದ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಗ್ರಂಥಿಗಳು ಹೋದರೆ ಈ ಮೂರು ದಾರಿಗಳೂ ಮುಚ್ಚಿದಂತೆಯೇ. ಆಗ ನರಗಳು ಅಕಾರಣವಾಗಿ ಕೆರಳುವುವು. ಮೊದಲು ತುಟಿ ಬೆರಳುಗಳ ಜೋಮು, ಬಳಿಕ ಕೈಕಾಲುಗಳ ಸೆಟೆತ. ಮಿತಿಮೀರಿದರೆ ಧ್ವನಿಪೆಟ್ಟಿಗೆಯ ಬಿಗಿತ, ಸೆಳವು, ಹೃದಯದ ಲಯಭಂಗ. ಎಲೆಗೆ ಸುಣ್ಣ ಹಚ್ಚುವ ನಾಡಿನಲ್ಲಿ ಸುಣ್ಣದ ಕೊರತೆಯೇ ಎಂದು ಯಾರೂ ನಗಬಾರದು. ತಾಂಬೂಲದ ಸುಣ್ಣದಿಂದ ಈ ಕೊರತೆ ತುಂಬುವುದಿಲ್ಲ. ಬಾಯಿ ಬೇಯುವುದೊಂದೇ ಫಲ.

ಇಷ್ಟು ಮುಖ್ಯವಾದ ಅಂಗವು ಮನುಷ್ಯನ ಕಣ್ಣಿಗೆ ಬಿದ್ದುದು ತೀರ ಈಚೆಗೆ. ಅದೂ ಮೊದಲು ಬಿದ್ದುದು ನಮ್ಮ ದೇಶದ ಮೃಗವೊಂದರ ಕೊರಳಿನಲ್ಲಿ. ಲಂಡನ್ನಿನ ಮೃಗಾಲಯದವರು ೧೮೩೪ರಲ್ಲಿ ಕೊಂಡಿದ್ದ ಭಾರತೀಯ ಖಡ್ಗಮೃಗವು ೧೮೪೯ರಲ್ಲಿ ಸಾಯಲು, ಅದರ ಶರೀರವನ್ನು ಛೇದಿಸಿ ನೋಡಿದ ರಿಚರ್ಡ್ ಓವೆನ್ ಎಂಬ ಪಂಡಿತರು ಥೈರಾಯ್ಡಿನ ಬಳಿಯಲ್ಲಿ ಹಳದಿ ಬಣ್ಣದ ಸಣ್ಣ ಗ್ರಂಥಿಯೊಂದನ್ನು ಕಂಡು ಬರೆದಿಟ್ಟರು. ಮನುಷ್ಯನಲ್ಲಿ ಇದನ್ನು ತೋರಿಸಿಕೊಟ್ಟವನು ಸ್ವೀಡನ್ ದೇಶದ ಉಪ್ಸಾಲಾದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಈವಾರ್ ಸಾಂಡ್‌ಸ್ಟ್ರೋಮ್. ೧೮೭೭ರಲ್ಲಿ ನಾಯಿಯ ಕೊರಳಿನಲ್ಲಿ ಮೊದಲು ಕಂಡು, ಅನಂತರ ಐವತ್ತು ಮಾನವ ಶವಗಳನ್ನು ಪರೀಕ್ಷಿಸಿ, ೧೮೮೦ರಲ್ಲಿ ಪ್ರಕಟಿಸಿದನು. ಲೋಕವು ಲಕ್ಷಿಸಲಿಲ್ಲ. ೧೮೮೯ರಲ್ಲಿ, ನಾಲ್ವತ್ತು ತುಂಬುವುದಕ್ಕೆ ಮುಂಚೆಯೇ, ಅವನು ತೀರಿಕೊಂಡನು. ಈ ಗ್ರಂಥಿಗಳನ್ನು ಮಾತ್ರ ತೆಗೆದರೂ ಸೆಟೆತ ಬರುವುದೆಂದು ಇಟಲಿಯ ವಸ್ಸಾಲೆ, ಜೆನೆರಾಲಿ ಎಂಬುವರು ಪ್ರಾಣಿಗಳಲ್ಲಿ ತೋರಿಸಿದುದು ೧೮೯೬ರಲ್ಲಿ. ಕ್ಯಾಲ್ಸಿಯಂ ಕೊಟ್ಟರೆ ಆ ಸೆಟೆತವು ನಿಲ್ಲುವುದೆಂದು ಅಮೆರಿಕದ ಮೆಕಾಲಂ ಮತ್ತು ವೋಗ್ಟ್‌ಲಿನ್ ಎಂಬುವರು ಸಿದ್ಧಪಡಿಸಿದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆದುದು ೧೯೦೦ರಲ್ಲಿ ಎಂಬುದನ್ನು ನೆನೆದರೆ, ಈ ಅರಿವು ಎಷ್ಟು ಎಳೆಯದೆಂಬುದು ಮನಸ್ಸಿಗೆ ಬರುವುದು.

ಇದರ ನಡುವೆ ನಡೆದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನ್ನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಳಗಂಡದ ಶಸ್ತ್ರಕ್ರಿಯೆಯಲ್ಲಿ ಇಬ್ಬರು ಮಹಾಶಸ್ತ್ರವೈದ್ಯರು ಯೂರೋಪಿನಲ್ಲಿ ಹೆಸರಾಗಿದ್ದರು. ವಿಯೆನ್ನಾದಲ್ಲಿ ಬಿಲ್‌ರೋತ್, ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಕೋಕರ್. ಬಿಲ್‌ರೋತರ ರೋಗಿಗಳಲ್ಲಿ ಕೆಲವರು ಕೈಕಾಲು ಸೆಟೆದು ನರಳುತ್ತಿದ್ದರು. ಕೋಕರರ ರೋಗಿಗಳಿಗೆ ಸೆಟೆತ ಬರುತ್ತಿರಲಿಲ್ಲ. ಬದಲಾಗಿ ಕಾಲಕ್ರಮದಲ್ಲಿ ಮುಖ ಊದಿ, ಬುದ್ಧಿ ಮಂದವಾಗಿ, ಮೈ ಜಡ್ಡುಗಟ್ಟುತ್ತಿತ್ತು. ಒಂದೇ ಶಸ್ತ್ರಕ್ರಿಯೆಗೆ ಎರಡು ಬಗೆಯ ಫಲ ಏಕೆ? ಇಬ್ಬರ ಕೈಯನ್ನೂ ಕಂಡಿದ್ದ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ೧೯೨೦ರಲ್ಲಿ ಇದಕ್ಕೆ ಸಮಾಧಾನ ಹೇಳಿದರು. ಬಿಲ್‌ರೋತರದು ವೇಗದ ಕೈ: ಥೈರಾಯ್ಡಿನ ಚೂರುಗಳು ಉಳಿಯುತ್ತಿದ್ದುವು, ಸಣ್ಣ ಗ್ರಂಥಿಗಳು ಹೋಗುತ್ತಿದ್ದುವು. ಕೋಕರರದು ನಿಧಾನದ, ರಕ್ತವನ್ನು ಚೆಲ್ಲದ ಕೈ: ಥೈರಾಯ್ಡು ಲೇಶವೂ ಉಳಿಯದೆ ಹೋಗುತ್ತಿತ್ತು, ಸಣ್ಣ ಗ್ರಂಥಿಗಳು ಉಳಿಯುತ್ತಿದ್ದುವು. ಚೇಳೂರಿನ ಆ ಮಾತೆ ಹಲಸು ಬಿಡಿಸುತ್ತಿದ್ದ ರೀತಿಯು ನಮಗೆ ಈ ಎರಡನೆಯ ಕೈಯನ್ನೇ ನೆನಪಿಗೆ ತಂದಿತು.

ಆದರೆ ಕೋಕರರಲ್ಲಿ ನಮಗೆ ಹೆಚ್ಚಾಗಿ ಕಾಣುವ ಗುಣವು ಕೈಚಳಕವಲ್ಲ. ೧೮೭೪ರಲ್ಲಿ ಅವರು ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಈ ಶಸ್ತ್ರಕ್ರಿಯೆ ಮಾಡಿದ್ದರು. ಆಕೆ ಅನಂತರ ಬೆಳೆಯದೆ ಜಡಳಾದಳೆಂಬ ಸುದ್ದಿ ಕಿವಿಗೆ ಬೀಳಲು, ತಾವು ಹಿಂದೆ ಶಸ್ತ್ರಕ್ರಿಯೆ ಮಾಡಿ ಕಳುಹಿಸಿದ್ದವರನ್ನೆಲ್ಲ ಮತ್ತೆ ಬರಮಾಡಿಕೊಂಡು ತಾವೇ ಪರೀಕ್ಷಿಸಿದರು. ಥೈರಾಯ್ಡನ್ನು ಪೂರ್ತಿಯಾಗಿ ತೆಗೆದು ಹೀಗೆ ಮರಳಿ ನೋಡಿದ ಹದಿನೆಂಟು ಮಂದಿಯಲ್ಲಿ ಹದಿನಾರು ಮಂದಿಗೆ ಅದೇ ದುರವಸ್ಥೆ. ೧೮೮೩ರಲ್ಲಿ ಸಹವೃತ್ತಿಯವರ ಸಭೆಯ ಮುಂದೆ ಎದ್ದು ನಿಂತು ಅದನ್ನು ಹೇಳಿದರು. ಯಾರೂ ಅವರನ್ನು ಕೇಳಿರಲಿಲ್ಲ, ಯಾವ ನ್ಯಾಯಾಲಯವೂ ಕರೆದಿರಲಿಲ್ಲ. ೧೯೦೯ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು.

ಈಗ ನಮ್ಮ ಕಾಲಕ್ಕೆ ಬರೋಣ. ಥೈರಾಯ್ಡನ್ನು ಪೂರ್ತಿಯಾಗಿ ತೆಗೆದ ಮೇಲೆ ಕ್ಯಾಲ್ಸಿಯಂ ಇಳಿಯುವುದು ಅಪರೂಪದ ಮಾತಲ್ಲ. ೨೦೧೪ರಲ್ಲಿ ಅನೇಕ ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದವರ ನಡುವಣ ಅಂದಾಜಿನಂತೆ, ನೂರಕ್ಕೆ ೨೭ ಮಂದಿಗೆ ಇದು ತಾತ್ಕಾಲಿಕವಾಗಿ ಬರುತ್ತದೆ. ನೂರಕ್ಕೆ ಒಬ್ಬರಿಗೆ ಶಾಶ್ವತವಾಗಿ ನಿಲ್ಲುತ್ತದೆ. ಅರ್ಬುದರೋಗಕ್ಕಾಗಿ ಕೊರಳಿನ ಗಂಟುಗಳನ್ನೂ ಕೂಡಿಸಿ ತೆಗೆಯಬೇಕಾದಾಗ ಅಪಾಯ ಇನ್ನೂ ಹೆಚ್ಚು. ಗ್ರಂಥಿಯನ್ನು ಕತ್ತರಿಸಿಯೇ ಹೋಗಬೇಕೆಂದಿಲ್ಲ. ಅದಕ್ಕೆ ರಕ್ತವನ್ನು ತರುವ ನಾಳವು ಕೂದಲೆಳೆಯಂಥದು. ಅದು ತುಂಡಾದರೆ, ಇದ್ದಲ್ಲೇ ಇದ್ದರೂ ಗ್ರಂಥಿಯು ಒಣಗುವುದು. ಹಾಲ್‌ಸ್ಟೆಡ್ ಮತ್ತು ಅವರ ಶಿಷ್ಯ ಇವಾನ್ಸ್ ಈ ರಕ್ತನಾಳಗಳ ವಿಷಯವನ್ನು ೧೯೦೭ರಲ್ಲಿಯೇ ಚಿತ್ರಸಹಿತ ತಿಳಿಸಿದರು. ಗ್ರಂಥಿಯು ಕೈತಪ್ಪಿ ಬಂದುದು ಮೇಜಿನ ಮೇಲೆಯೇ ಗೊತ್ತಾದರೆ, ಅದನ್ನು ಸಣ್ಣಗೆ ಹೆಚ್ಚಿ ಕೊರಳಿನ ಅಥವಾ ಮುಂಗೈಯ ಮಾಂಸಖಂಡದಲ್ಲಿ ನೆಟ್ಟರೆ ಕೆಲವು ವಾರಗಳಲ್ಲಿ ಚಿಗುರಿ ಕೆಲಸ ಮಾಡುವುದುಂಟು. ಅದೃಶ್ಯವಾದ ಕೆಂಪಿನಾಚೆಯ ಬೆಳಕನ್ನು ಬಿಟ್ಟರೆ ಈ ಗ್ರಂಥಿಗಳು ತಾವಾಗಿಯೇ ಹೊಳೆದು ತಮ್ಮ ಇರವನ್ನು ತೋರಿಸಿಕೊಡುವುವೆಂಬುದನ್ನು ಅಮೆರಿಕದಲ್ಲಿ ಕಂಡುಕೊಂಡು, ಅದಕ್ಕಾಗಿ ಯಂತ್ರಗಳನ್ನೂ ಮಾಡಿ, ೨೦೧೮ರಲ್ಲಿ ಅಲ್ಲಿಯ ಸರ್ಕಾರದ ಅನುಮತಿಯನ್ನು ಪಡೆದಿರುವರು. ಅಂತಹ ಯಂತ್ರವು ಪ್ರತಿಯೊಂದು ಜಿಲ್ಲೆಗೂ ಬರಲೆಂದು ಕೇಳುವುದಕ್ಕೆ ನಾವು ಲೇಖನಿ ಹಿಡಿದಿಲ್ಲ.

ಇಷ್ಟೆಲ್ಲ ಎಚ್ಚರದಿಂದಿದ್ದ ಶಸ್ತ್ರವೈದ್ಯರ ಕೈಯಲ್ಲಿಯೂ ಈ ಅಕ್ಕಿಕಾಳು ಜಾರಿಹೋಗುವುದುಂಟು. ಆದುದರಿಂದ ಗ್ರಂಥಿ ಹೋಯಿತೆಂಬ ಒಂದೇ ಕಾರಣದಿಂದ ಶಸ್ತ್ರವೈದ್ಯರನ್ನು ಅಪರಾಧಿಯೆಂದು ನಿಲ್ಲಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಆಕಸ್ಮಿಕವು ಅಜಾಗರೂಕತೆಯಲ್ಲವೆಂದು ಶ್ರೇಷ್ಠ ನ್ಯಾಯಾಲಯವು ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ೨೦೦೫ರಲ್ಲಿ ಹೇಳಿರುವುದು ಸರಿಯಾಗಿಯೇ ಇದೆ. ನಮ್ಮ ಆಕ್ಷೇಪಣೆಯು ಕೈತಪ್ಪಿದುದರ ಮೇಲಲ್ಲ, ಬಾಯಿ ಮುಚ್ಚಿಕೊಂಡುದರ ಮೇಲೆ. ಇದೇ ನ್ಯಾಯಾಲಯವು ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ, ೨೦೦೮ರಲ್ಲಿ, ಚಿಕಿತ್ಸೆಯ ಸ್ವರೂಪವನ್ನೂ ಅದರ ಗಣನೀಯವಾದ ಅಪಾಯಗಳನ್ನೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ವಿಧಿಸಿದೆ. ತೀರ ದೂರದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಾಗಿಲ್ಲವೆಂದೂ ಹೇಳಿದೆ. ನೂರರಲ್ಲಿ ಇಪ್ಪತ್ತೇಳು ದೂರದ ಅಪಾಯವೇ?

ಇದರಲ್ಲಿ ದಿನಗಳ ಲೆಕ್ಕವೊಂದಿದೆ. ಅಧಿಕಾರಿಗಳು ಇದನ್ನು ಗಮನಿಸಬೇಕು. ಶಸ್ತ್ರಕ್ರಿಯೆಯಾದ ಗಳಿಗೆಯಲ್ಲಿ ಕ್ಯಾಲ್ಸಿಯಂ ಇಳಿಯುವುದಿಲ್ಲ. ಒಂದು ದಿನದಿಂದ ಮೂರು ದಿನಗಳೊಳಗೆ ಮೆಲ್ಲನೆ ತಳ ಮುಟ್ಟುತ್ತದೆ. ಈಗಿನ ಪದ್ಧತಿಯಂತೆ ರೋಗಿಯನ್ನು ಮನೆಗೆ ಕಳುಹಿಸುವುದೂ ಆ ಸಮಯದಲ್ಲಿಯೇ. ಬೆಂಗಳೂರಿನ ಬಡಾವಣೆಯಲ್ಲಿರುವವರು ಜೋಮು ಹಿಡಿದರೆ ಆಟೋ ಹತ್ತಿ ಮರಳಿ ಹೋಗಬಹುದು. ಚೇಳೂರಿನವರು ಗುಬ್ಬಿಗೆ ಬಂದು, ತುಮಕೂರಿಗೆ ಬಂದು, ಅಲ್ಲಿಂದ ಮುಂದೆ ಹೋಗಬೇಕು. ಆ ಹೊತ್ತಿಗೆ ಬಳೆ ತೊಡುವ ಕೈ ಸೆಟೆದು ಕುಳಿತಿರುವುದು. ಆಸ್ಪತ್ರೆಗೆ ಊರು ದೂರವಾದಷ್ಟೂ ರೋಗಿಯ ಕೈಯಲ್ಲಿ ತಿಳಿವಳಿಕೆ ಹೆಚ್ಚಾಗಿರಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು. ಶಸ್ತ್ರಕ್ರಿಯೆಯಾದ ಕೆಲವು ಗಂಟೆಗಳಲ್ಲಿ ಆ ಗ್ರಂಥಿರಸದ ಪರೀಕ್ಷೆ ಮಾಡಿಸಿದರೆ, ಯಾರಿಗೆ ಕ್ಯಾಲ್ಸಿಯಂ ಇಳಿಯಲಿದೆಯೆಂಬುದನ್ನು ಬಹುಮಟ್ಟಿಗೆ ಮುಂಚೆಯೇ ತಿಳಿಯಬಹುದು. ಅದಕ್ಕೆ ಅನುಕೂಲವಿಲ್ಲದಲ್ಲಿ ಗುಳಿಗೆಯನ್ನಾದರೂ ಕಟ್ಟಿ ಕಳುಹಿಸಬಹುದು. ಕ್ಯಾಲ್ಸಿಯಂ ಗುಳಿಗೆಯು ದುಬಾರಿಯ ವಸ್ತುವಲ್ಲ.

ಕಳುಹಿಸುವಾಗ ಕೊಡುವ ಕಾಗದವಂತೂ ಇಂಗ್ಲಿಷಿನಲ್ಲಿ. ರಾಜ್ಯಭಾಷಾ ಕಾಯಿದೆಯು ಬಂದುದು ೧೯೬೩ರಲ್ಲಿ. ಕಚೇರಿಯ ಸುತ್ತೋಲೆಗಳು ಕನ್ನಡವಾದುವು. ಪ್ರಾಣಕ್ಕೆ ಸಂಬಂಧಿಸಿದ ಕಾಗದ ಆಗಲಿಲ್ಲ. ಸರ್ಕಾರಿ ವೈದ್ಯರು ಔಷಧದ ಚೀಟಿಗಳನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಶ್ರೀ ಪುರುಷೋತ್ತಮ ಬಿಳಿಮಲೆಯವರು ೨೦೨೪ರಲ್ಲಿ ಆರೋಗ್ಯ ಸಚಿವರನ್ನು ಕೇಳಿಕೊಂಡಾಗ ಅನೇಕ ವಿದ್ಯಾವಂತರು ಮುಗುಳ್ನಕ್ಕರು. ಔಷಧದ ಹೆಸರು ಯಾವ ಲಿಪಿಯಲ್ಲಿದ್ದರೇನು, ಅಂಗಡಿಯವನಿಗೆ ತಿಳಿದರೆ ಸಾಲದೇ ಎಂಬುದು ಅವರ ವಾದ. ಇರಬಹುದು. ಆದರೆ ಅಪಾಯದ ಗುರುತುಗಳನ್ನು ಅರಿಯಬೇಕಾದವನು ಅಂಗಡಿಯವನಲ್ಲ. ಚೇಳೂರಿನ ಮಾತೆಯ ಕಟ್ಟಿನಲ್ಲಿ ಬಿಡುಗಡೆಯ ಪತ್ರವೂ ಇತ್ತು. ಜೋಮು ಹಿಡಿದರೆ ಬರತಕ್ಕದ್ದೆಂದು ಅದರಲ್ಲಿ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಬರೆದೇ ಇತ್ತು! ಹಾಗೆ ಬರೆದವರು ತಮ್ಮ ಕರ್ತವ್ಯ ತೀರಿತೆಂದು ಭಾವಿಸಿರಬೇಕು. ಅದನ್ನು ಓದಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಕನ್ನಡ ಓದಲು ಬರುತ್ತದೆ ಸ್ವಾಮಿ, ಇದೊಂದು ಮಾತು ಬರೆದುಕೊಟ್ಟಿದ್ದರೆ ಆಗುತ್ತಿತ್ತು" ಎಂದರು. ಆ ರಾತ್ರಿ ಮನೆಯವರು ಮಂತ್ರವಾದಿಯನ್ನು ಕರೆಸಿದ್ದರು.

ಸರ್ಕಾರದ ಆರೋಗ್ಯ ಇಲಾಖೆಯವರಲ್ಲಿಯೂ, ಖಾಸಗಿ ಆಸ್ಪತ್ರೆಗಳ ಯಜಮಾನರಲ್ಲಿಯೂ ನಮ್ಮ ಬೇಡಿಕೆಯು ಚಿಕ್ಕದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಸೂಜಿಮದ್ದು ಸದಾ ಇರಲಿ. ಕೊರಳಿನಲ್ಲಿ ಹೊಸ ಗಾಯವಿದ್ದು ಕೈ ಸೆಟೆದು ಬಂದವರನ್ನು ಮೂರ್ಛೆರೋಗಿಯೆನ್ನುವ ಮುಂಚೆ ರಕ್ತವನ್ನು ನೋಡಲಿ. ಸೂಕ್ಷ್ಮದರ್ಶಕದ ವರದಿಯಲ್ಲಿ ಗ್ರಂಥಿ ಕಂಡುಬಂದರೆ ರೋಗಿಯನ್ನು ಬರಮಾಡಿಕೊಂಡು ಬಾಯಿಬಿಟ್ಟು ಹೇಳಲಿ. ಶಾಶ್ವತವಾಗಿ ಗುಳಿಗೆ ನುಂಗುವವರನ್ನು ವರ್ಷ ವರ್ಷವೂ ಪರೀಕ್ಷಿಸಲಿ. ಏತಕ್ಕೆಂದರೆ ಹೊರಗಿನಿಂದ ಸುರಿದ ಸುಣ್ಣವು ಹೆಚ್ಚಾದರೆ ಮೂತ್ರಪಿಂಡದಲ್ಲಿ ಕಲ್ಲಾಗುವುದು, ಕಡಿಮೆಯಾಗಿಯೇ ವರ್ಷಗಳು ಕಳೆದರೆ ಕಣ್ಣಿಗೆ ಪೊರೆ ಬರುವುದು. ಕೊರತೆಯಾದ ಗ್ರಂಥಿರಸವನ್ನೇ ದಿನಕ್ಕೊಮ್ಮೆ ಸೂಜಿಯಿಂದ ಕೊಡುವ ಹೊಸ ಔಷಧವೊಂದಕ್ಕೆ ೨೦೨೩ರಲ್ಲಿ ಯೂರೋಪಿನಲ್ಲಿಯೂ ೨೦೨೪ರಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆತಿದೆ. ಚೇಳೂರಿನ ಮನೆಯ ಡಬ್ಬಿಯಲ್ಲಿರುವುದು ಕ್ಯಾಲ್ಸಿಯಂ ಗುಳಿಗೆಯೇ.

ಇವೆಲ್ಲಕ್ಕಿಂತ ಮೊದಲು ಅರ್ಧ ಹಾಳೆಯ ಕನ್ನಡ ಬೇಕು. ಬರೆಯಲು ಪುರಸತ್ತಿಲ್ಲವೆಂಬ ಮಾತಿಗೆ ಎಡೆಯಿರಬಾರದೆಂದು, ನಮ್ಮ ವೈದ್ಯಮಿತ್ರರಿಂದ ತಿದ್ದಿಸಿ, ಆ ಹಾಳೆಯನ್ನು ಇಲ್ಲಿಯೇ ಅಚ್ಚು ಮಾಡಿದ್ದೇವೆ:

"ನಿಮ್ಮ ಥೈರಾಯ್ಡ್ ಗ್ರಂಥಿಯನ್ನು ತೆಗೆದಿದ್ದೇವೆ. ಅದರ ಹಿಂದೆ ಕ್ಯಾಲ್ಸಿಯಂ ಕಾಯುವ ನಾಲ್ಕು ಸಣ್ಣ ಗ್ರಂಥಿಗಳಿರುತ್ತವೆ. ಅವುಗಳಿಗೆ ಪೆಟ್ಟಾಗಿರಬಹುದು. ಮುಂದಿನ ಕೆಲವು ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿದರೆ, ಕೈಬೆರಳು ತಾವಾಗಿಯೇ ಕೂಡಿಕೊಂಡರೆ, ಕಾಲಿನ ಮೀನಖಂಡ ಬಿಗಿದರೆ, ಅದು ಆಯಾಸವಲ್ಲ, ಗಾಳಿಯಲ್ಲ, ಮೂರ್ಛೆರೋಗವಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು. ವೈದ್ಯರು ಹೇಳಿಕೊಟ್ಟಿರುವಷ್ಟು ಕ್ಯಾಲ್ಸಿಯಂ ಗುಳಿಗೆಯನ್ನು ಕೂಡಲೆ ತೆಗೆದುಕೊಂಡು, ಬೆಳಗಾಗಲೆಂದು ಕಾಯದೆ, ಹತ್ತಿರದ ಆಸ್ಪತ್ರೆಗೆ ಹೋಗಿ ಈ ಚೀಟಿಯನ್ನು ತೋರಿಸಿರಿ. ಉಸಿರಾಟ ಕಷ್ಟವಾದರೆ ೧೦೮ಕ್ಕೆ ದೂರವಾಣಿ ಮಾಡಿರಿ. ಥೈರಾಯ್ಡ್ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿರಿ. ಕ್ಯಾಲ್ಸಿಯಂ ಗುಳಿಗೆಯನ್ನು ಅದಾದ ನಾಲ್ಕು ಗಂಟೆಯ ಮೇಲೆ. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಬೇಡಿರಿ. ತೆಗೆದ ಗಡ್ಡೆಯ ಪರೀಕ್ಷೆಯ ವರದಿಯು ಬಂದಾಗ ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಿರಿ."

ಇದನ್ನು ಯಾವ ಆಸ್ಪತ್ರೆಯವರಾದರೂ ನಮ್ಮ ಅಪ್ಪಣೆಯನ್ನು ಕೇಳದೆ ಅಚ್ಚು ಮಾಡಿಸಿಕೊಳ್ಳಬಹುದು, ತಮ್ಮ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ತುಮಕೂರು ಜಿಲ್ಲೆಯ ಆಸ್ಪತ್ರೆಗಳಿಗೆ ಬೇಕಾದಲ್ಲಿ ಮೊದಲ ಸಾವಿರ ಪ್ರತಿಗಳನ್ನು ನಮ್ಮ ಮುದ್ರಣಾಲಯದಲ್ಲಿಯೇ, ಕಾಗದದ ವೆಚ್ಚವನ್ನೂ ಕೇಳದೆ, ಅಚ್ಚು ಹಾಕಿಸಿ ಕಳುಹಿಸಿಕೊಡುತ್ತೇವೆ. ಮೊದಲನೆಯ ಪ್ರತಿಯನ್ನು ಚೇಳೂರಿಗೆ ಅಂಚೆಯಲ್ಲಿ ಕಳುಹಿಸಿದ್ದಾಗಿದೆ.